ತುತ್ತು ಕುತ್ತಾಗದಿರಲಿ

ಹೊಸ್ತಿಲ ಬಳಿ ಕುಳಿತ ನಾಯಿಗೆ ತಟ್ಟೆಯಿಂದ ತುತ್ತೊಂದನ್ನು ಹಾಕುವುದು, ಬೆಕ್ಕಿಗೆ ಬಟ್ಟಲಲ್ಲಿ ಹಾಲೆರೆಯುವುದು ಎಲ್ಲೆಡೆಯೂ ಕಾಣುವ ದೃಶ್ಯ. ತಾವು ಉಣ್ಣುವುದನ್ನೇ ಸಾಕುಪ್ರಾಣಿಗೂ ಉಣಿಸುವುದು ಒಲವಿನ ಕುರುಹೆಂದು ಜನರು ಭಾವಿಸುತ್ತಾರೆ. ಆದರೆ ಒಲವಿನೊಡನೆ ಅರಿವು ಕೂಡದಿದ್ದರೆ ಆ ತುತ್ತೇ ಕುತ್ತಾಗಬಹುದು.

ಪ್ರಾಣಿಗೆ ಸಹಜವಾದ ಆಹಾರ ಯಾವುದೆಂಬುದನ್ನು ಅದರ ದೇಹರಚನೆಯೇ ನಿರ್ಧರಿಸುತ್ತದೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಕಣ್ಣು, ಹೃದಯಗಳಿಗೆ ಟಾರಿನ್ ಎಂಬ ಪೋಷಕದ್ರವ್ಯವು ಅತ್ಯಗತ್ಯ. ಇದನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನುಗಳಲ್ಲಿ ಇದು ದೊರೆಯುತ್ತದೆ. ಅಕ್ಕಿ, ಬೇಳೆಗಳಲ್ಲಿ ದೊರೆಯದು. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲವು ಕ್ಷೀಣಿಸುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟರು. ಹೀಗೆ ಹೃದಯರೋಗಕ್ಕೆ ತುತ್ತಾದ ಬೆಕ್ಕುಗಳಲ್ಲಿ ಅಂಗಡಿಯ ಸಿದ್ಧ ಆಹಾರವನ್ನು ತಿಂದು ಬೆಳೆದವೂ ಇದ್ದವು! ಆ ಬಳಿಕ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಇನ್ನು ಹಾಲಾದರೋ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಅದು ಜೀರ್ಣವಾಗದೆ ಭೇದಿಯುಂಟಾಗುತ್ತದೆ.

ನಾಯಿಯ ಸಂಗತಿ ಬೇರೆ. ಸಹಸ್ರಾರು ವರ್ಷಗಳಿಂದ ಮಾನವನ ಸಹವಾಸದಲ್ಲಿ ಬಾಳಿದ ಅದು, ತೋಳಕ್ಕಿಂತ ಚೆನ್ನಾಗಿ ಪಿಷ್ಟವನ್ನು ಜೀರ್ಣಿಸಿಕೊಳ್ಳಬಲ್ಲುದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು. ಆದುದರಿಂದ ಬೇಯಿಸಿದ ಅನ್ನವಾಗಲಿ ರಾಗಿಯ ಅಂಬಲಿಯಾಗಲಿ ನಾಯಿಗೆ ಒಗ್ಗುತ್ತದೆ. ಆದರೆ ಅಷ್ಟೇ ಸಾಲದು. ಮೊಟ್ಟೆ, ಮಾಂಸಗಳಂತಹ ಸಸಾರಜನಕ ಪದಾರ್ಥಗಳೂ ಸುಣ್ಣದಂಶವೂ ತಕ್ಕ ಪ್ರಮಾಣದಲ್ಲಿ ಬೇಕು.

ಮನುಷ್ಯನಿಗೆ ರುಚಿಯಾದ ಕೆಲವು ವಸ್ತುಗಳು ಈ ಪ್ರಾಣಿಗಳಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ನಾಶಗೊಳಿಸುತ್ತವೆ. ಬೇಯಿಸಿದರೂ ಆ ಗುಣ ಹೋಗದು. ಚಾಕೊಲೇಟು ಹೃದಯದ ಬಡಿತವನ್ನು ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡಗಳು ಕೆಟ್ಟುಹೋಗಬಹುದು. ಬೇಯಿಸಿದ ಕೋಳಿಯ ಮೂಳೆ ಸೀಳಿ, ಚೂಪಾಗಿ, ಕರುಳನ್ನು ಚುಚ್ಚಬಹುದು.

ಹಾಗೆಂದು ನೈಸರ್ಗಿಕವಾದುದೆಲ್ಲವೂ ನಿರಪಾಯಕರವೆಂದು ತಿಳಿಯಲಾಗದು. ಹಸಿಮಾಂಸದಲ್ಲಿ ರೋಗಾಣುಗಳೂ ಹುಳುಗಳ ಮರಿಗಳೂ ಇರಬಹುದು. ಅವು ಮನೆಯ ಜನರಿಗೂ ತಗಲಬಹುದು. ಮಾಂಸವನ್ನು ಬೇಯಿಸಿ, ಮೂಳೆ ತೆಗೆದು, ಉಪ್ಪು ಖಾರಗಳಿಲ್ಲದೆ ಕೊಡುವುದು ಲೇಸು. ಬಳಿಯಲ್ಲಿ ಸದಾ ಶುದ್ಧವಾದ ನೀರಿರಬೇಕು. ಆಹಾರವನ್ನು ಬದಲಿಸುವಾಗ ಪಶುವೈದ್ಯರ ಸಲಹೆ ಪಡೆಯುವುದು ವಿವೇಕ.

ಕಾಡಿನ ಪ್ರಾಣಿ ತನ್ನ ಆಹಾರವನ್ನು ತಾನೇ ಅರಸಿಕೊಳ್ಳುತ್ತದೆ. ಮನೆಯ ಪ್ರಾಣಿಯಾದರೋ ಮುಂದಿಟ್ಟುದನ್ನು ನಂಬಿ ತಿನ್ನುತ್ತದೆ. ಆ ನಂಬಿಕೆಗೆ ಎರವಾಗದಂತೆ ನಡೆದುಕೊಳ್ಳುವುದು ಸಾಕಿದವರ ಹೊಣೆ.