ಇಂಗ್ಲಿಷ್ ಏಲ್‌ಗೆ ಯಾವ ಯೀಸ್ಟ್? ರುಚಿಯ ಗುಟ್ಟು ಹುದುಗಿನ ತಳಿಯಲ್ಲಿ

ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳು ಸಿಹಿ. ಮಧ್ಯಾಹ್ನಕ್ಕೆ ನೊರೆ ಕಟ್ಟುತ್ತದೆ, ಸಂಜೆಗೆ ಹುಳಿ ಏರುತ್ತದೆ. ಅದನ್ನೇ ಹಿಟ್ಟಿಗೆ ಬೆರೆಸಿದರೆ ಕೊಂಕಣಿಗರ ಸಾನ್ನಾಂ, ಮಲಯಾಳಿಗಳ ಕಳ್ಳಪ್ಪಂ ಹೂವಿನಂತೆ ಉಬ್ಬುತ್ತವೆ. ಗಡಿನಾಡಿನವರಾದ ನಮಗೆ ಇದು ಹೊಸ ವಿಷಯವೇನಲ್ಲ. ಕಳ್ಳಿಗೆ ಯಾರೂ ಏನನ್ನೂ ಹಾಕುವುದಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ, ಹೊಂಬಾಳೆಯಲ್ಲಿ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ ಆ ಕೆಲಸ ಮಾಡುತ್ತವೆ.

ಇಂಗ್ಲೆಂಡಿನಲ್ಲಿ ಏಲ್ ಎಂಬ ಬಿಯರನ್ನು ಮನೆಯಲ್ಲೇ ತಯಾರಿಸುವವರು ಮಾತ್ರ ಹೀಗೆ ಬಂದದ್ದನ್ನು ಬಿಟ್ಟುಕೊಳ್ಳುವುದಿಲ್ಲ. ತಮಗೆ ಬೇಕಾದ ಯೀಸ್ಟ್ ತಳಿಯನ್ನು ಆರಿಸಿ, ದುಡ್ಡು ಕೊಟ್ಟು ತರುತ್ತಾರೆ. ಅಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಲು ಇದ್ದ ಲೈಸನ್ಸ್ ನಿಯಮ 1963ರಲ್ಲಿ ರದ್ದಾಯಿತು. ಅಂದಿನಿಂದ ಅದು ಅನೇಕ ಮನೆಗಳ ಹವ್ಯಾಸ. ತೆಂಗಿನ ಸಸಿ ಕೊಳ್ಳುವಾಗ ನಾವು ತಳಿ ವಿಚಾರಿಸುವ ಹಾಗೆ, ಅವರು ಯೀಸ್ಟ್ ಕೊಳ್ಳುವಾಗ ತಳಿ ವಿಚಾರಿಸುತ್ತಾರೆ. ಯಾಕೆ ಎಂದು ನೋಡೋಣ.

ಏಲ್ ಎಂದರೆ ಏನು?

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದರೆ ಸಿಹಿಯಾದ ಕಷಾಯ ಸಿಗುತ್ತದೆ. ಇದಕ್ಕೆ ಕಹಿಗಾಗಿ ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಲಾಗರ್ ಬಿಯರಿನ ಯೀಸ್ಟ್ ಹತ್ತು ಡಿಗ್ರಿ ಆಸುಪಾಸಿನ ತಂಪಿನಲ್ಲಿ ಕೆಲಸ ಮಾಡುವಂಥದ್ದು. ಏಲ್ ಯೀಸ್ಟಿಗೆ ಸಾಮಾನ್ಯವಾಗಿ 18ರಿಂದ 22 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗ್ಲಿಷ್ ಏಲ್‌ನಲ್ಲಿ ಮಾಲ್ಟೂ ಹಾಪ್ಸೂ ಹದವಾಗಿರುವುದರಿಂದ ಯೀಸ್ಟ್ ಕೊಡುವ ಪರಿಮಳ ಎದ್ದು ಕಾಣುತ್ತದೆ. ತಳಿ ಬದಲಾದರೆ ರುಚಿಯೂ ಬದಲಾಗುತ್ತದೆ.

ಕೇಳಬೇಕಾದ ಮೂರು ಪ್ರಶ್ನೆ

ಒಂದು, ಯೀಸ್ಟ್ ಎಷ್ಟು ಸಕ್ಕರೆ ತಿನ್ನುತ್ತದೆ? ಹಾಲಿನ ಸೊಸೈಟಿಯಲ್ಲಿ ಲ್ಯಾಕ್ಟೋಮೀಟರ್ ಇಳಿಸುವುದನ್ನು ನೋಡಿದ್ದೀರಿ. ಅದರ ಅಣ್ಣನಂತಿರುವ ಹೈಡ್ರೋಮೀಟರ್ ಇಲ್ಲಿ ಬಳಕೆಯಾಗುತ್ತದೆ. ಕಷಾಯದ ಸಾಂದ್ರತೆ ಆರಂಭದಲ್ಲಿ 1.044 ಇದೆ ಎಂದುಕೊಳ್ಳಿ. ಶೇ. 75ರಷ್ಟು ತಿನ್ನುವ ತಳಿ ಅದನ್ನು 1.011ಕ್ಕೆ ಇಳಿಸುತ್ತದೆ, ಮದ್ಯಸಾರ ಸುಮಾರು ಶೇ. 4.3 ಆಗುತ್ತದೆ. ಶೇ. 65ರಷ್ಟು ತಿನ್ನುವ ತಳಿ 1.015ರ ಹತ್ತಿರ ನಿಲ್ಲುತ್ತದೆ, ಮದ್ಯಸಾರ ಶೇ. 4ಕ್ಕಿಂತ ಕಡಿಮೆ. ಮೊದಲನೆಯದು ಒಣ ರುಚಿ, ಎರಡನೆಯದು ಬಾಯಿ ತುಂಬುವ ಸಿಹಿ. ಕಷಾಯ ಒಂದೇ, ಕುಡಿದವರಿಗೆ ಎರಡು ಬೇರೆ ಬಿಯರು.

ಎರಡು, ಕೆಲಸ ಮುಗಿದ ಮೇಲೆ ತಳ ಸೇರುತ್ತದೆಯೇ? ಕೆಲವು ತಳಿಗಳ ಕಣಗಳು ಒಂದಕ್ಕೊಂದು ಅಂಟಿ, ಗಸಿಯಾಗಿ ಬೇಗ ಕೆಳಗಿಳಿಯುತ್ತವೆ. ಬಿಯರ್ ತಿಳಿಯಾಗುತ್ತದೆ. ಇಂಗ್ಲೆಂಡಿನ ಪಬ್ಬುಗಳಲ್ಲಿ ಏಲ್ ಪೀಪಾಯಿಯೊಳಗೇ ಎರಡನೇ ಬಾರಿ ಹುದುಗುವುದರಿಂದ ಅಲ್ಲಿ ಈ ಗುಣಕ್ಕೆ ಬಹಳ ಬೆಲೆ. ಆದರೆ ಅತಿ ಬೇಗ ತಳ ಸೇರಿದರೆ ಸಕ್ಕರೆ ಅರ್ಧಕ್ಕೇ ಉಳಿಯುವ ಭಯವಿದೆ. ಅಂಥ ಯೀಸ್ಟನ್ನು ಆಗಾಗ ಕಲಕಿ ಎಬ್ಬಿಸಬೇಕಾಗುತ್ತದೆ. ಯಾರ್ಕ್‌ಶೈರ್ ಸೀಮೆಯ ಕಲ್ಲಿನ ಚೌಕ ತೊಟ್ಟಿಗಳಲ್ಲಿ ಈ ಎಬ್ಬಿಸುವ ಕ್ರಮ ಮೊದಲಿನಿಂದಲೂ ಇದೆ.

ಮೂರು, ಯಾವ ಪರಿಮಳ ಬಿಡುತ್ತದೆ? ಯೀಸ್ಟ್ ಬೆಳೆಯುವಾಗ ಎಸ್ಟರ್ ಎಂಬ ವಸ್ತುಗಳು ಹುಟ್ಟುತ್ತವೆ. ಪೇರ್, ಸೇಬು, ಕಿತ್ತಳೆ ಮಾರ್ಮಲೇಡಿನ ವಾಸನೆ ಇವುಗಳಿಂದಲೇ. ಕೆಲವು ತಳಿಗಳಲ್ಲಿ ಇದು ಹೆಚ್ಚು, ಕೆಲವುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಅಂಗಡಿಯಲ್ಲಿ ಸಿಗುವ ತಳಿಗಳು

ಸುಮಾರು 20 ಲೀಟರಿಗೆ 11 ಗ್ರಾಂ ತೂಕದ ಒಣ ಯೀಸ್ಟಿನ ಒಂದು ಪೊಟ್ಟಣ ಸಾಕು. ಫರ್ಮೆಂಟಿಸ್ ಕಂಪನಿಯ ಎಸ್-04 ಬೇಗ ಕೆಲಸ ಮುಗಿಸಿ ಗಟ್ಟಿಯಾಗಿ ತಳ ಸೇರುತ್ತದೆ. ಹೊಸಬರು ಹೆಚ್ಚಾಗಿ ಇದನ್ನೇ ಹಿಡಿಯುತ್ತಾರೆ. ಲ್ಯಾಲೆಮಂಡ್ ಕಂಪನಿಯ ನಾಟಿಂಗ್‌ಹ್ಯಾಮ್ ಹೆಚ್ಚು ಸಕ್ಕರೆ ತಿನ್ನುತ್ತದೆ, ಪರಿಮಳ ಕಡಿಮೆ, ತುಸು ಚಳಿಗೂ ಜಗ್ಗುವುದಿಲ್ಲ. ಮಾಲ್ಟ್ ಮತ್ತು ಹಾಪ್ಸಿನ ರುಚಿಯೇ ಮುಂದಿರಲಿ ಎನ್ನುವವರಿಗೆ ಇದು. ಅದೇ ಕಂಪನಿಯ ವಿಂಡ್ಸರ್ ತದ್ವಿರುದ್ಧ: ಹಣ್ಣಿನ ಪರಿಮಳ ಜಾಸ್ತಿ, ಆದರೆ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಸಿಹಿ ಉಳಿಯುತ್ತದೆ, ತಳ ಸೇರುವುದೂ ನಿಧಾನ. ದ್ರವರೂಪದ ತಳಿಗಳಲ್ಲಿ ವೈಟ್ ಲ್ಯಾಬ್ಸ್‌ನ ಡಬ್ಲ್ಯುಎಲ್‌ಪಿ002 ಹೆಸರಾದದ್ದು. ಒಡೆದ ಹಾಲಿನಂತೆ ಗಂಟುಗಂಟಾಗಿ ತಳ ಸೇರುವ ಈ ತಳಿ ತಿನ್ನುವುದು ಶೇ. 63ರಿಂದ 70 ಮಾತ್ರ. ಬಿಟರ್ ಎಂಬ ಏಲ್‌ಗೆ ಹೊಂದುತ್ತದೆ.

ಬೇಕರಿಯ ಯೀಸ್ಟ್ ಯಾಕೆ ಬೇಡ?

ಬನ್ ಉಬ್ಬಿಸುವ ಯೀಸ್ಟೂ ಏಲ್ ಯೀಸ್ಟೂ ಒಂದೇ ಜಾತಿಯವು, ಸ್ಯಾಕರೊಮೈಸಿಸ್ ಸೆರೆವಿಸಿಯೆ. ಆದರೂ ಬೇಕರಿ ಯೀಸ್ಟ್ ಹಾಕಿದರೆ ಬಿಯರಿಗೆ ಲವಂಗದಂಥ ವಾಸನೆ ಬರಬಹುದು, ಸರಿಯಾಗಿ ತಿಳಿಯಾಗುವುದೂ ಇಲ್ಲ. 2016ರಲ್ಲಿ ಬೆಲ್ಜಿಯಂ ವಿಜ್ಞಾನಿಗಳ ತಂಡ 157 ತಳಿಗಳ ವಂಶವಾಹಿಗಳನ್ನು ಓದಿ ಇದರ ಕಾರಣವನ್ನು ವಿವರಿಸಿತು. ಒಂದು ಹಂಡೆಯ ನೊರೆಯನ್ನು ತೆಗೆದು ಮುಂದಿನ ಹಂಡೆಗೆ ಹಾಕುತ್ತ ತಲೆಮಾರುಗಟ್ಟಲೆ ಬಂದದ್ದರಿಂದ ಬಿಯರ್ ತಳಿಗಳು ದನಕರುಗಳಂತೆ ಪಳಗಿಹೋಗಿವೆ. ಲವಂಗದ ವಾಸನೆ ಹುಟ್ಟಿಸುವ ಶಕ್ತಿಯನ್ನು ಅವುಗಳಲ್ಲಿ ಹೆಚ್ಚಿನವು ಕಳೆದುಕೊಂಡಿವೆ.

ಹೀಗೆ ಪಳಗಿದ ತಳಿ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ಹಳೆಯ ಬ್ರೂವರಿ ಮುಚ್ಚಿದರೆ ಅದರ ಯೀಸ್ಟೂ ಹೋಯಿತು, ಆ ರುಚಿಯೂ ಹೋಯಿತು. ಅದಕ್ಕಾಗಿಯೇ ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ರಾಷ್ಟ್ರೀಯ ಯೀಸ್ಟ್ ಸಂಗ್ರಹಾಲಯದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ತಳಿಗಳನ್ನು ಕಾಪಿಟ್ಟಿದ್ದಾರೆ. ಕಾಸರಗೋಡಿನ ಸಿಪಿಸಿಆರ್‌ಐ ತೆಂಗಿನ ತಳಿಗಳನ್ನು ಉಳಿಸಿಕೊಂಡು ಬಂದ ಹಾಗೆಯೇ ಇದೂ.

ತಳಿ ಒಳ್ಳೆಯದಾದರೆ ಸಾಲದು

ಒಳ್ಳೆಯ ತಳಿ ತಂದು ಸೆಕೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. 25 ಡಿಗ್ರಿ ದಾಟಿದರೆ ಹಣ್ಣಿನ ಪರಿಮಳದ ಬದಲು ಗಂಟಲು ಸುಡುವ ಘಾಟು ಬರುತ್ತದೆ. ಹುದುಗುವಾಗ ಯೀಸ್ಟ್ ತಾನೇ ಶಾಖ ಬಿಡುವುದರಿಂದ ಪಾತ್ರೆಯೊಳಗೆ ಕೋಣೆಗಿಂತ ಹೆಚ್ಚು ಬಿಸಿ ಇರುತ್ತದೆ. ಅವಸರದಲ್ಲಿ ಬೇರ್ಪಡಿಸಿದರೆ ಬೆಣ್ಣೆಯ ವಾಸನೆ ಉಳಿಯುತ್ತದೆ. ಇನ್ನೆರಡು ಮೂರು ದಿನ ಬಿಟ್ಟರೆ ಯೀಸ್ಟೇ ಅದನ್ನು ಹೀರಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವ ತನಕ ಬಾಟಲಿಗೆ ತುಂಬಬಾರದು. ಒಳಗೆ ಸಕ್ಕರೆ ಉಳಿದು ಗ್ಯಾಸ್ ಹೆಚ್ಚಾದರೆ ಗಾಜಿನ ಬಾಟಲಿ ಸಿಡಿದು ಕಣ್ಣಿಗೇ ಅಪಾಯ.

ನಮ್ಮಲ್ಲಿ ಕಾನೂನು ಬೇರೆ

ಇದನ್ನೆಲ್ಲ ಓದಿ ಯಾರೂ ಹಂಡೆ ಒಲೆಗೇರಿಸುವುದು ಬೇಡ. ಕೇರಳದ ಅಬ್ಕಾರಿ ಕಾಯ್ದೆಯಲ್ಲಾಗಲಿ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಾಗಲಿ ಲೈಸನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಗಡಿ ದಾಟಿದರೂ ಕೇಸು ತಪ್ಪದು. ಮನೆಬಳಕೆಗೆ ಎಂಬ ನೆಪವೂ ನಡೆಯುವುದಿಲ್ಲ. ಇಂಗ್ಲೆಂಡಿಗೆ ಕೆಲಸಕ್ಕೆ ಹೋದವರಿಗೂ, ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೋಬ್ರೂವರಿಗಳಲ್ಲಿ ಕೆಲಸ ಹುಡುಕುವ ಯುವಕರಿಗೂ ಈ ವಿದ್ಯೆ ಉಪಯೋಗಕ್ಕೆ ಬಂದೀತು. ಉಳಿದ ನಮಗೆ, ಮನೆಯ ಅಪ್ಪದ ಹಿಟ್ಟು ಒಂದು ದಿನ ಚೆನ್ನಾಗಿ ಉಬ್ಬಿ ಇನ್ನೊಂದು ದಿನ ಯಾಕೆ ಉಬ್ಬುವುದಿಲ್ಲ ಎಂಬುದಾದರೂ ಅರ್ಥವಾದೀತು: ಹುದುಗು ಯಾವುದು, ಸೆಕೆ ಎಷ್ಟು, ಹೊತ್ತು ಎಷ್ಟು ಎಂಬ ಲೆಕ್ಕ ಅಲ್ಲಿಯೂ ಇಲ್ಲಿಯೂ ಒಂದೇ.