ವೆಬ್‌ಸೈಟಿನಲ್ಲಿ ರಾಗಿ ಹಿಟ್ಟು: ದುಡ್ಡು ಬರುವ ದಾರಿ

"ಹಿಟ್ಟನ್ನ ವೆಬ್‌ಸೈಟಲ್ಲಿ ಮಾರ್ತೀರಂತೆ, ದುಡ್ಡು ಹೆಂಗೆ ಬರ್ತದೆ?" ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತಿದು. ಹಿಟ್ಟಿನ ಫೋಟೋ ಹಾಕಿ ದರ ಬರೆಯುವುದು ದೊಡ್ಡದಲ್ಲ. ಗಿರಾಕಿ ಗುಂಡಿ ಒತ್ತಿದ ಮೇಲೆ ಅವರ ದುಡ್ಡು ನಮ್ಮ ಪಾಸ್‌ಬುಕ್ಕಿಗೆ ಬಂದು ಬೀಳುವ ತನಕದ ದಾರಿ ಇದೆಯಲ್ಲ, ಅದೇ ತಿಳಿದುಕೊಳ್ಳಬೇಕಾದ್ದು. ನಾನು ಓದಿದ್ದು ಏಳನೇ ಕ್ಲಾಸು. ಕೋಡ್ ಬರೆದದ್ದು ಬಿ.ಸಿ.ಎ. ಓದಿದ ಮಗಳು. ಆದರೆ ಆಕೆ ಬರೆಯುವಾಗ ಎರಡು ತಿಂಗಳು ಪಕ್ಕದಲ್ಲೇ ಕೂತು, "ಈ ಸಾಲು ಏನು ಮಾಡ್ತದೆ ಹೇಳವ್ವ" ಅಂತ ಕೇಳಿ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಾವು ಕೆ.ಆರ್. ಪುರಂ ದಾಟಿ ಹೊಸಕೋಟೆ ಕಡೆಯವರು. ಏಳು ಮನೆ ಸೇರಿದ್ದೇವೆ. ಎಲ್ಲ ಮಳೆ ನಂಬಿದ ಹೊಲ. ರಾಗಿ, ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು, ತಡವಾದರೆ ಹುರಳಿ. 2024-25ರಲ್ಲಿ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ ₹4,290. ಅಂದರೆ ಕಿಲೋಗೆ 43 ರೂಪಾಯಿಗೆ ಹತ್ತು ಪೈಸೆ ಕಮ್ಮಿ. ಅದನ್ನೇ ಕಲ್ಲು ಆರಿಸಿ, ಬೀಸಿ, ಹಿಟ್ಟು ಮಾಡಿ ಇಂದಿರಾನಗರ, ಹಲಸೂರು, ಶಿವಾಜಿನಗರದ ಮನೆಗಳಿಗೆ ಕಿಲೋಗೆ ₹60ರಂತೆ ಕೊಡುತ್ತೇವೆ.

ಮೊದಲು ಫೋನಿನಲ್ಲೇ ಆರ್ಡರ್, ಯುಪಿಐಯಲ್ಲೇ ದುಡ್ಡು. ಶನಿವಾರ ಸಂಜೆ ಇಪ್ಪತ್ತು ಮನೆಯವರು ದುಡ್ಡು ಹಾಕಿದರೆ, ಅದರಲ್ಲಿ ಎಂಟು ಜನರದ್ದು ₹340 ಆಗಿದ್ದರೆ, ಯಾವುದು ಯಾರದು? ಆರ್ಡರ್ ಪುಸ್ತಕ ಒಂದು ಕೈಲಿ, ಮೊಬೈಲು ಒಂದು ಕೈಲಿ ಹಿಡಿದು ರಾತ್ರಿ ಹನ್ನೊಂದರವರೆಗೆ ಹೊಂದಿಸಬೇಕು. ಇನ್ನು ಕೆಲವರು "ದುಡ್ಡು ಕಳಿಸಿದೀನಿ ಯಜಮಾನ್ರೇ, ನೋಡಿ" ಅಂತ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ. ಬ್ಯಾಂಕಿನಲ್ಲಿ ನೋಡಿದರೆ ಏನೂ ಇಲ್ಲ. ಸುಳ್ಳು ಚಿತ್ರ ಮಾಡಿಕೊಡುವ ಆ್ಯಪ್‌ಗಳೇ ಇವೆಯಂತೆ! ಚಿತ್ರ ನೋಡಿ ಹಿಟ್ಟಿನ ಚೀಲ ಇಳಿಸಲಾಗುತ್ತದೆಯೇ?

ನಡುವೆ ನಿಲ್ಲುವವರು

ಇದಕ್ಕೆ ಪೇಮೆಂಟ್ ಗೇಟ್‌ವೇ ಅಂತ ಒಂದು ಸೇವೆ ಇದೆ. ಗಿರಾಕಿಯ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನಡುವೆ ನಿಂತು ದುಡ್ಡು ಹಿಡಿದು ದಾಟಿಸುವುದು ಇವರ ಕೆಲಸ. ಈ ವ್ಯಾಪಾರ ದೊಡ್ಡದಾದದ್ದು ನಮ್ಮ ಬೆಂಗಳೂರಿನಲ್ಲೇ. ಇನ್‌ಸ್ಟಾಮೋಜೋ, ಜಸ್‌ಪೇ ಎರಡೂ 2012ರಲ್ಲಿ ಶುರುವಾದವು. ರೇಜರ್‌ಪೇ 2014ರಲ್ಲಿ ಜೈಪುರದಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂತು. 2016ರ ಡಿಸೆಂಬರ್‌ನಲ್ಲಿ ಬಂದ ಭೀಮ್ ಆ್ಯಪ್ ಕಟ್ಟಿಕೊಟ್ಟವರೂ ಜಸ್‌ಪೇಯವರೇ.

"ನಮ್ಮ ದುಡ್ಡು ಅವರ ಕೈಲಿ ಎರಡು ದಿನ ಇರ್ತದೆ, ನುಂಗಿದರೆ?" ಅಂತ ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದ್ದರು. ಸರಿಯಾದ ಪ್ರಶ್ನೆ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮ ಮಾಡಿದೆ. ಇಂಥವರು ವ್ಯಾಪಾರಿಗಳಿಗೆ ಸೇರಬೇಕಾದ ದುಡ್ಡನ್ನು ಬ್ಯಾಂಕಿನಲ್ಲಿ ಎಸ್ಕ್ರೋ ಎಂಬ ಬೇರೆಯೇ ಖಾತೆಯಲ್ಲಿ ಇಡಬೇಕು. ತಮ್ಮ ಸ್ವಂತ ಖರ್ಚಿನ ದುಡ್ಡಿನ ಜೊತೆ ಬೆರೆಸುವಂತಿಲ್ಲ. ಹಾಗಾಗಿ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇರುವವರನ್ನೇ ಹಿಡಿಯಿರಿ.

ಸೇರಲು ಪಾನ್ ಕಾರ್ಡ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಬೇಕು. ವೆಬ್‌ಸೈಟಿನಲ್ಲಿ ನಮ್ಮ ಫೋನ್ ನಂಬರು, ಮಾಲು ವಾಪಸ್ ಮಾಡಿದರೆ ದುಡ್ಡು ಹೇಗೆ ಕೊಡುತ್ತೇವೆ ಎಂಬುದು ಬರೆದಿರಬೇಕು. ಅದಿಲ್ಲ ಅಂತ ಅರ್ಜಿ ವಾಪಸ್ ಬರುವುದುಂಟು.

ಕೋಡ್ ಏನು ಮಾಡುತ್ತದೆ

ಗೇಟ್‌ವೇಯವರು ಎರಡು ಕೀಲಿ ಕೊಡುತ್ತಾರೆ. ಒಂದು ಎಲ್ಲರಿಗೂ ಕಾಣಬಹುದಾದ್ದು, ನಮ್ಮ ಹೆಸರಿದ್ದ ಹಾಗೆ. ಇನ್ನೊಂದು ಗುಟ್ಟಿನ ಕೀಲಿ. ಇದು ನಮ್ಮ ಸರ್ವರ್‌ನಲ್ಲಿ, ಅಂದರೆ ನಮ್ಮ ವೆಬ್‌ಸೈಟ್ ಇಟ್ಟಿರುವ ಬಾಡಿಗೆ ಕಂಪ್ಯೂಟರಿನಲ್ಲಿ ಮಾತ್ರ ಇರಬೇಕು. ಗಿರಾಕಿಯ ಮೊಬೈಲಿಗೆ ಹೋಗುವ ಪುಟದಲ್ಲಿ ಇದನ್ನು ಬರೆದುಬಿಟ್ಟರೆ ತಿಳಿದವರು ಯಾರು ಬೇಕಾದರೂ ಪುಟದ ಹಿಂಬದಿ ತೆರೆದು ಓದಬಹುದು. ಕಣಜದ ಬೀಗದ ಕೈ ಬಾಗಿಲಿಗೇ ನೇತುಹಾಕಿದ ಹಾಗೆ. ಬೇರೆಯವರಿಂದ ವೆಬ್‌ಸೈಟ್ ಮಾಡಿಸುವವರು ಮೊದಲು ಕೇಳಬೇಕಾದ್ದು ಇದನ್ನೇ: "ಗುಟ್ಟಿನ ಕೀಲಿ ಎಲ್ಲಿಟ್ಟಿದ್ದೀಯಪ್ಪಾ?"

ಗಿರಾಕಿ ಐದು ಕಿಲೋ ಹಿಟ್ಟು ಆರಿಸಿ ಗುಂಡಿ ಒತ್ತಿದರು ಅನ್ನಿ. ಹಿಟ್ಟಿಗೆ ₹300, ಸಾಗಣೆಗೆ ₹40. ಆಗ ನಮ್ಮ ಸರ್ವರ್ ಗೇಟ್‌ವೇಗೆ ಹೇಳುತ್ತದೆ, ಇಂಥ ನಂಬರಿನ ಆರ್ಡರ್, ಇಷ್ಟು ದುಡ್ಡು ಅಂತ. ಇದನ್ನು ಪೈಸೆಯಲ್ಲಿ ಹೇಳಬೇಕು. 34000 ಅಂತ ಕಳಿಸಬೇಕು. 340 ಅಂತ ಕಳಿಸಿದರೆ ಗಿರಾಕಿಯಿಂದ ವಸೂಲಾಗುವುದು ಮೂರು ರೂಪಾಯಿ ನಲವತ್ತು ಪೈಸೆ!

ದರವನ್ನು ಗಿರಾಕಿಯ ಮೊಬೈಲಿನಿಂದ ತೆಗೆದುಕೊಳ್ಳಲೂ ಬಾರದು. ಅಲ್ಲಿ ಕಾಣುವ 340ನ್ನು ತಿಳಿದವರು 34 ಮಾಡಿ ಕಳಿಸಬಲ್ಲರು. ಗಿರಾಕಿಯ ಕಡೆಯಿಂದ ಬರಬೇಕಾದ್ದು "ಹಿಟ್ಟು, ಐದು ಕಿಲೋ" ಎಂಬಷ್ಟೇ. ದರದ ಪಟ್ಟಿ ನಮ್ಮ ಸರ್ವರ್‌ನಲ್ಲಿರಬೇಕು, ಗುಣಾಕಾರವೂ ಅಲ್ಲೇ ಆಗಬೇಕು. ತಕ್ಕಡಿಯನ್ನು ಕೊಳ್ಳುವವರ ಕೈಗೆ ಕೊಟ್ಟು ವ್ಯಾಪಾರ ಮಾಡುವವರುಂಟೆ?

ಗೇಟ್‌ವೇ ಈ ಆರ್ಡರಿಗೆ ತನ್ನದೊಂದು ನಂಬರು ಕೊಡುತ್ತದೆ. ಆ ನಂಬರು ಹಿಡಿದು ಗಿರಾಕಿಯ ಮುಂದೆ ದುಡ್ಡು ಕಟ್ಟುವ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದು ಗೇಟ್‌ವೇಯವರ ಪೆಟ್ಟಿಗೆ. ಕಾರ್ಡ್ ನಂಬರು, ಒಟಿಪಿ ಎಲ್ಲ ಅವರಿಗೇ ಹೋಗುತ್ತದೆ, ನಮಗೆ ಕಾಣುವುದಿಲ್ಲ. ಕಾಣದಿರುವುದೇ ಒಳ್ಳೆಯದು. 2022ರ ಅಕ್ಟೋಬರ್‌ನಿಂದ ನಮ್ಮಂಥ ಮಾರಾಟಗಾರರು ಗಿರಾಕಿಯ ಕಾರ್ಡ್ ನಂಬರನ್ನು ಉಳಿಸಿಟ್ಟುಕೊಳ್ಳುವಂತೆಯೇ ಇಲ್ಲ.

ದುಡ್ಡು ಕಟ್ಟಿದ ಮೇಲೆ ಗೇಟ್‌ವೇ ಮೂರು ವಿಷಯ ವಾಪಸ್ ಕೊಡುತ್ತದೆ: ಆರ್ಡರ್ ನಂಬರು, ಪಾವತಿ ನಂಬರು ಮತ್ತು ಒಂದು ಸಹಿ. ಸಹಿ ಅಂದರೆ ಉದ್ದನೆಯ ಅಕ್ಷರ-ಅಂಕಿಗಳ ಸಾಲು. ನನಗೆ ಇದು ಅರ್ಥವಾದದ್ದು ಹಿಟ್ಟಿನ ಗಿರಣಿ ನೆನೆದಾಗ. ಎರಡು ನಂಬರುಗಳನ್ನು ಗುಟ್ಟಿನ ಕೀಲಿಯ ಜೊತೆ ಸೇರಿಸಿ ಬೀಸಿದರೆ ಬರುವ ಹಿಟ್ಟೇ ಆ ಸಹಿ. ಗುಟ್ಟಿನ ಕೀಲಿ ಗೊತ್ತಿರುವುದು ಅವರಿಗೆ ಮತ್ತು ನಮಗೆ ಮಾತ್ರ. ಹಿಟ್ಟು ನೋಡಿ ರಾಗಿಯನ್ನು ಮತ್ತೆ ಮಾಡಲಾಗದು, ಹಾಗೇ ಸಹಿ ನೋಡಿ ಕೀಲಿ ಕಂಡುಹಿಡಿಯಲಾಗದು. ನಮ್ಮ ಸರ್ವರ್ ತಾನೂ ಅದೇ ನಂಬರುಗಳನ್ನು ಬೀಸಿ ನೋಡಬೇಕು. ಎರಡೂ ಹಿಟ್ಟು ಒಂದೇ ಆದರೆ ದುಡ್ಡು ಬಂದದ್ದು ನಿಜ. ಒಂದಕ್ಷರ ಬೇರೆಯಾದರೂ ಆರ್ಡರ್ ನಿಲ್ಲಿಸಬೇಕು.

ಇಷ್ಟೆಲ್ಲ ಯಾಕೆ ಅನ್ನುವವರು 2022ರ ಮೇ ತಿಂಗಳ ಸುದ್ದಿ ನೆನೆಯಬೇಕು. ವಿಫಲವಾಗಿದ್ದ 831 ಪಾವತಿಗಳನ್ನು ಸಫಲವಾದ ಹಾಗೆ ತಿದ್ದಿ ಯಾರೋ ₹7.38 ಕೋಟಿ ಹೊಡೆದಿದ್ದಾರೆ ಅಂತ ರೇಜರ್‌ಪೇಯವರು ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಹಳೆಯ ಕಾಲದ ಜೋಡಣೆ ಇಟ್ಟುಕೊಂಡಿದ್ದ ಕೆಲವು ವ್ಯಾಪಾರಿಗಳ ಸೈಟಿನಲ್ಲಿ ಪಾವತಿ ಪರೀಕ್ಷೆ ಮಾಡುವುದರಲ್ಲಿ ಸಂದು ಇತ್ತು, ಅಲ್ಲಿಂದ ನುಗ್ಗಿದರು ಅಂತ ಕಂಪನಿ ಹೇಳಿತು. ಮೊಬೈಲಿನಲ್ಲಿ ಸುಳ್ಳು ಚಿತ್ರ ತೋರಿಸುವವರ ದೊಡ್ಡಣ್ಣಂದಿರು ಇವರು.

ನಡುದಾರಿಯಲ್ಲಿ ಸಿಗ್ನಲ್ ಹೋದರೆ

ಗಿರಾಕಿ ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ಆರ್ಡರ್ ಹಾಕುತ್ತಾರೆ. ಎಂ.ಜಿ. ರಸ್ತೆ ದಾಟಿದ ಮೇಲೆ ರೈಲು ಸುರಂಗಕ್ಕೆ ಇಳಿಯುತ್ತದೆ, ಸಿಗ್ನಲ್ ಕಟ್. ಬ್ಯಾಂಕಿನಲ್ಲಿ ದುಡ್ಡು ಹೋಗಿದೆ, ನಮ್ಮ ಸೈಟಿಗೆ ಸುದ್ದಿ ಬಂದಿಲ್ಲ. ಮಾರನೇ ದಿನ ಫೋನ್ ಮಾಡಿ ಬೈಯುತ್ತಾರೆ. ಬೈದರೆ ತಪ್ಪೇನಿಲ್ಲ, ದುಡ್ಡು ಕೊಟ್ಟವರು.

ಇದಕ್ಕೆ ವೆಬ್‌ಹುಕ್ ಅಂತ ಇದೆ. ಗಿರಾಕಿಯ ಮೊಬೈಲನ್ನು ನೆಚ್ಚದೆ ಗೇಟ್‌ವೇಯವರ ಕಂಪ್ಯೂಟರೇ ನೇರವಾಗಿ ನಮ್ಮ ಸರ್ವರ್‌ಗೆ "ಇಂಥ ಆರ್ಡರಿನ ದುಡ್ಡು ಬಂತು" ಅಂತ ಹೇಳುತ್ತದೆ. ಇದಕ್ಕೂ ಬೇರೆ ಗುಟ್ಟಿನ ಕೀಲಿ, ಬೇರೆ ಸಹಿ; ಅದನ್ನೂ ಬೀಸಿ ನೋಡಬೇಕು. ನಮ್ಮ ಕಡೆಯಿಂದ ಉತ್ತರ ಸಿಗದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಒಂದೇ ಸುದ್ದಿ ಎರಡು ಸಲ ಬಂದರೆ ಎರಡು ಚೀಲ ಕಳಿಸಿಬಿಡಬಾರದಲ್ಲ? ಅದಕ್ಕೆ ಪಾವತಿ ನಂಬರನ್ನು ಪುಸ್ತಕದಲ್ಲಿ ಹುಡುಕಿ, ಮೊದಲೇ ಬರೆದಿದ್ದರೆ ಸುಮ್ಮನಿರು ಅಂತ ಕೋಡಿನಲ್ಲಿ ಬರೆಸಿದ್ದೇವೆ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಈ ಭಾಗ ಬಿಟ್ಟು ಮಾಡುವವರೇ ಹೆಚ್ಚು. ಸೈಟ್ ಮಾಡಿಕೊಡುವ ಹುಡುಗರು ತಮ್ಮ ಮೇಜಿನ ಮೇಲೆ, ಒಳ್ಳೆ ಸಿಗ್ನಲ್‌ನಲ್ಲಿ ನೋಡಿ "ಆಯ್ತು ಅಂಕಲ್" ಅಂದುಬಿಡುತ್ತಾರೆ.

ಗಿರಾಕಿಯ ಖಾತೆಯಲ್ಲಿ ದುಡ್ಡು ಕಡಿತವಾಗಿ ನಮಗೆ ಖಾತ್ರಿ ಬಾರದೇ ಹೋದರೂ ಹೆದರಬೇಕಿಲ್ಲ. 2019ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಅಂಥ ದುಡ್ಡು ಪಾವತಿಯಾದ ದಿನದಿಂದ 5 ದಿನದೊಳಗೆ ತಾನಾಗಿ ಗಿರಾಕಿಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಇದನ್ನು ಗಿರಾಕಿಗೆ ಸಮಾಧಾನವಾಗಿ ಹೇಳಿದರೆ ಅರ್ಧ ಜಗಳ ಮುಗಿಯುತ್ತದೆ.

ಕೈಗೆಷ್ಟು ಬರುತ್ತದೆ

ನಮಗೆ ಹಿಡಿಯುವುದು ನೂರಕ್ಕೆ 2 ರೂಪಾಯಿ, ಆ ಎರಡು ರೂಪಾಯಿಯ ಮೇಲೆ ಶೇ. 18 ಜಿಎಸ್‌ಟಿ. ₹340ರ ಆರ್ಡರಿಗೆ ₹6.80 ಶುಲ್ಕ, ₹1.22 ತೆರಿಗೆ. ಕೈಗೆ ಬರುವುದು ₹331.98. ಎರಡು ಕೆಲಸದ ದಿನ ಕಳೆದು ಖಾತೆಗೆ ಬೀಳುತ್ತದೆ. ಗಿರಾಕಿಗೆ ದುಡ್ಡು ವಾಪಸ್ ಮಾಡಿದರೂ ನಾವು ಬಳಸುವ ಸೇವೆಯಲ್ಲಿ ಶುಲ್ಕ ವಾಪಸ್ ಬರುವುದಿಲ್ಲ. ತರಕಾರಿ ಮಂಡಿಯೊಂದರಲ್ಲಿ ನನ್ನಿಂದ ನೂರಕ್ಕೆ ಹತ್ತು ಹಿಡಿದ ಕಾಲ ನೆನೆದರೆ ಇದು ಭಾರವೆನಿಸುವುದಿಲ್ಲ. ಆದರೆ ಪುಕ್ಕಟೆ ಆಗುವ ಕಡೆ ಇದನ್ನೂ ಯಾಕೆ ಕೊಡಬೇಕು? 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಬ್ಯಾಂಕಿನವರು ಶುಲ್ಕ ಹಿಡಿಯುವಂತಿಲ್ಲ. ಹಾಗಾಗಿ ಸಂತೆಯಲ್ಲಿ, ಬಾಗಿಲಲ್ಲಿ ನಿಂತು ಕೊಡುವಾಗ ಬ್ಯಾಂಕಿನ ಕ್ಯೂಆರ್ ಹಲಗೆಯೇ ಸಾಕು. ಇಪ್ಪತ್ತು ಮನೆಯ ಗಿರಾಕಿ ಇರುವವರಿಗೆ ವೆಬ್‌ಸೈಟೂ ಬೇಡ, ಗೇಟ್‌ವೇಯೂ ಬೇಡ. ನೂರು ದಾಟಿದ ಮೇಲೆ ಯೋಚಿಸಿ.

ಶುರು ಮಾಡುವವರಿಗೆ ಇನ್ನೊಂದು. ಗೇಟ್‌ವೇಯಲ್ಲಿ ಟೆಸ್ಟ್ ಅಂತ ಒಂದು ಬಗೆ ಇದೆ. ಅದರ ಕೀಲಿಗಳೇ ಬೇರೆ, ದುಡ್ಡು ನಿಜವಾಗಿ ಓಡಾಡುವುದಿಲ್ಲ. ಅಲ್ಲಿ ಪಾವತಿ ಸೋತಾಗ, ನಡುವೆ ಮೊಬೈಲ್ ಆಫ್ ಮಾಡಿದಾಗ, ಒಂದೇ ಗುಂಡಿ ಎರಡು ಸಲ ಒತ್ತಿದಾಗ ಏನಾಗುತ್ತದೆ ಅಂತ ನೋಡಿಕೊಳ್ಳಿ. ಆಮೇಲೆ ನಿಜದ ಕೀಲಿ ಹಾಕಿ, ನೀವೇ ಒಂದು ರೂಪಾಯಿಯ ಆರ್ಡರ್ ಕೊಟ್ಟು ಅದು ಪಾಸ್‌ಬುಕ್ಕಿಗೆ ಬರುವ ತನಕ ಕಾಯಿರಿ. ಇದನ್ನೆಲ್ಲ ಅವರೆಕಾಯಿ ಕಾಲದಲ್ಲಿ, ಸಂಕ್ರಾಂತಿ ಮುಂದೆ ಮಾಡಲು ಹೋಗಬೇಡಿ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ ಶುರು ಮಾಡಿದರೆ ಮುಂಗಾರಿನ ಹೊತ್ತಿಗೆ ಮುಗಿಯುತ್ತದೆ.