ಜೇಬಿನ ಕಾಳಿನಿಂದ ಹೊರಟ ರೈಲು

ಟೋಕಿಯೊದ ಬೀದಿಬದಿಯಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ. ಜೇಬಿನಲ್ಲಿ ಒಂದಿಷ್ಟು ಬಿಳಿ ಕಾಳು, ಒಂದಿಷ್ಟು ಕಪ್ಪು ಕಾಳು. ಎದುರಿಗೆ ಜನ ಹಾದುಹೋದ ಹಾಗೆ, ಟ್ರಾಮು ಹಾದುಹೋದ ಹಾಗೆ, ಆ ಜೇಬಿನ ಕಾಳು ಒಂದೊಂದಾಗಿ ಈ ಜೇಬಿಗೆ ಬೀಳುತ್ತಿದೆ. ಆಮೇಲೆ ಕೂತು ಕಾಳು ಎಣಿಸಿದರೆ ಆಯಿತು, ಆ ಬೀದಿಯ ಓಡಾಟದ ಲೆಕ್ಕ ಕೈಯಲ್ಲಿ! ಏಷ್ಯಾದ ಮೊದಲ ಸುರಂಗ ಮೆಟ್ರೊ ಹೊರಟದ್ದು ಈ ಕಾಳುಗಳಿಂದ. ಇದನ್ನು ಓದಿದಂದಿನಿಂದ ಜಪಾನಿನ ರೈಲು ಎಂದರೆ ನನಗೆ ಬುಲೆಟ್ ರೈಲಿಗಿಂತ ಮೊದಲು ಆ ಜೇಬೇ ಕಣ್ಣಮುಂದೆ ಬರುತ್ತದೆ.

ಆತ ಹಯಕಾವಾ ನೊರಿತ್ಸುಗು. 1914ರಲ್ಲಿ ಲಂಡನ್ನಿಗೆ ಹೋದವನು ನೆಲದಡಿಯ ರೈಲು ಕಂಡು ಮರುಳಾದ. ನಮ್ಮೂರಿಗೂ ಇದು ಬೇಕೇ ಬೇಕು! ಊರಿಗೆ ಮರಳಿದರೆ ಎಲ್ಲರದೂ ಒಂದೇ ಮಾತು: ಟೋಕಿಯೊದ ನೆಲ ಮೆತ್ತಗಿದೆ, ಅಗೆದರೆ ನೀರು ಬರುತ್ತದೆ. ಹಯಕಾವಾ ವಾದಕ್ಕೆ ಇಳಿಯಲಿಲ್ಲ. ನಗರದ ಸೇತುವೆಗಳನ್ನು ಕಟ್ಟುವಾಗ ನೆಲ ಕೊರೆದು ನೋಡಿದ ದಾಖಲೆಗಳನ್ನು ಹುಡುಕಿ ತೆಗೆದ. ಅಡಿಯಲ್ಲಿ ಗಟ್ಟಿ ನೆಲವಿತ್ತು! 1920ರಲ್ಲಿ ಕಂಪನಿ ಕಟ್ಟಿದ. 1923ರ ಭೂಕಂಪ ಎಬ್ಬಿಸಿದ ಬೆಂಕಿ ನಗರದ ದೊಡ್ಡ ಭಾಗವನ್ನೇ ಸುಟ್ಟು ಬೂದಿ ಮಾಡಿತು. ಆದರೂ 1925ರಲ್ಲಿ ಅಗೆತ ಶುರುವಾಯಿತು. ರಸ್ತೆಯನ್ನೇ ಬಗೆದು, ಒಳಗೆ ಸುರಂಗ ಕಟ್ಟಿ, ಮೇಲೆ ಮತ್ತೆ ಮುಚ್ಚುವ ಕೆಲಸ. 1927ರ ಡಿಸೆಂಬರ್ 30ರಂದು ಅಸಾಕುಸಾದಿಂದ ಉಯೆನೊಗೆ ಹಳದಿ ಬಣ್ಣದ ರೈಲು ಓಡಿತು. ದೂರ ಬರೀ 2.2 ಕಿಲೋಮೀಟರ್, ಐದು ನಿಮಿಷದ ದಾರಿ. ಆ ಐದು ನಿಮಿಷಕ್ಕಾಗಿ ಜನ ಎರಡು ಗಂಟೆಗೂ ಹೆಚ್ಚು ಹೊತ್ತು ಸಾಲಿನಲ್ಲಿ ನಿಂತರು!

ಈ ದಾರಿ ಬೆಳೆದೂ ಬೆಳೆದೂ ಇಂದಿನ ಗಿಂಜಾ ಲೈನ್ ಆಗಿದೆ. ಅದರ ಇನ್ನೊಂದು ತುದಿ ಶಿಬುಯಾ. ಅಲ್ಲಿ ಏನಾಗುತ್ತದೆ ಗೊತ್ತೇ? ನೆಲದಡಿಯಲ್ಲಿ ಬಂದ ರೈಲು ಮೂರನೇ ಅಂತಸ್ತಿನ ಎತ್ತರಕ್ಕೆ ಹೋಗಿ ನಿಲ್ಲುತ್ತದೆ! ರೈಲು ಹತ್ತಿದ್ದಲ್ಲ, ನೆಲ ಇಳಿದದ್ದು. ಶಿಬುಯಾ ಇರುವುದೇ ಕಣಿವೆಯಲ್ಲಿ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಹೊರವಲಯದಿಂದ ಬರುವ ಖಾಸಗಿ ರೈಲುಗಳೆಲ್ಲ ನಗರದ ಅಂಚಿಗೇ ನಿಂತುಬಿಡುತ್ತಿದ್ದವು. ದಿನಾ ಬೆಳಿಗ್ಗೆ ಲಕ್ಷಾಂತರ ಮಂದಿ ಅಲ್ಲಿ ಇಳಿದು, ಓಡಿ, ಇನ್ನೊಂದು ರೈಲಿಗೆ ನುಗ್ಗಬೇಕು. ಜನರನ್ನು ಯಾಕೆ ಇಳಿಸಬೇಕು, ಆ ರೈಲನ್ನೇ ಸುರಂಗಕ್ಕೆ ಬಿಡೋಣ ಎಂದರು! ಕೇಳಲು ಎಷ್ಟು ಸಲೀಸು. ಆದರೆ ಆ ಖಾಸಗಿ ಕಂಪನಿಗಳಲ್ಲಿ ಒಂದಾದ ಕೇಯ್ಸೇಯ ಹಳಿಗಳ ನಡುವಿನ ಅಂತರ 1372 ಮಿಲಿಮೀಟರ್, ಹಿಂದೆ ಕುದುರೆ ಎಳೆಯುತ್ತಿದ್ದ ಟ್ರಾಮಿನ ಅಳತೆ. ಅದರ ರೈಲು ಹೋಗಬೇಕಿದ್ದ ಹೊಸ ಸುರಂಗದ್ದು 1435. ವ್ಯತ್ಯಾಸ 63 ಮಿಲಿಮೀಟರ್, ನಾಲ್ಕು ಬೆರಳಗಲವೂ ಇಲ್ಲ. ಆ 63 ಮಿಲಿಮೀಟರಿಗಾಗಿ 1959ರಲ್ಲಿ ಕಂಪನಿ ತನ್ನ ಹಳಿಗಳನ್ನೆಲ್ಲ ಅಗಲಿಸಿತು! ಮರುವರ್ಷ ಡಿಸೆಂಬರಿನಲ್ಲಿ ಅದರ ರೈಲು ನೆಟ್ಟಗೆ ನಗರದ ನೆಲದಡಿಗೆ ನುಗ್ಗಿತು. ಈಗ ಅದೇ ಸುರಂಗದ ಮೂಲಕ ನರಿತಾ ವಿಮಾನ ನಿಲ್ದಾಣದಿಂದ ಹನೇಡಾ ವಿಮಾನ ನಿಲ್ದಾಣಕ್ಕೆ ಒಂದೇ ರೈಲಿನಲ್ಲಿ ಹೋಗಬಹುದು. ಬುಲೆಟ್ ರೈಲಿನ ವೇಗಕ್ಕೆ ಲೋಕವೇ ತಲೆದೂಗುತ್ತದೆ, ತೂಗಲಿ. ನನ್ನ ಮಟ್ಟಿಗೆ ಜಪಾನಿನ ದೊಡ್ಡ ಸಾಧನೆ ಈ ಹೊಲಿಗೆಯೇ.

ಮತ್ತೆ ಶಿಬುಯಾ. 2013ರ ಮಾರ್ಚ್ 15ರ ರಾತ್ರಿ. ಯೊಕೊಹಾಮಾದಿಂದ ಬರುವ ತೊಯೊಕೊ ಲೈನಿನ ಕೊನೆಯ ರೈಲು ಎತ್ತರದ ಹಳೇ ನಿಲ್ದಾಣದಲ್ಲಿ ಓಟ ಮುಗಿಸಿತೋ ಇಲ್ಲವೋ, ಸುಮಾರು 1,200 ಕೆಲಸಗಾರರು ಹಳಿಗಿಳಿದರು. ಬೆಳಗಿನ ಮೊದಲ ರೈಲಿಗೆ ಕೆಲವೇ ತಾಸು. ಅಷ್ಟರೊಳಗೆ ಹಳಿಯನ್ನು ಕತ್ತರಿಸಿ, ತಗ್ಗಿಸಿ, ಸುರಂಗದ ಬಾಯಿಗೆ ಜೋಡಿಸಬೇಕು! ಜೋಡಿಸಿದರು! ಮಾರ್ಚ್ 16ರ ಬೆಳಿಗ್ಗೆ ರೈಲು ನೆಲದಡಿಯ ಐದನೇ ಅಂತಸ್ತಿಗೆ ಬಂದು ನಿಂತಿತು. ಆಚೆಗೆ ಫುಕುತೋಶಿನ್ ಸುರಂಗದ ದಾರಿ. ಅಲ್ಲಿಂದ ಮುಂದೆ ನಗರದಾಚೆಯ ಸೈತಾಮಾ. ಅಂದು ಐದು ಕಂಪನಿಗಳ ಹಳಿ, ಒಂದೇ ಹೊಲಿಗೆ.

ಈ ದಾರಿಯಲ್ಲಿ ಶಿಬುಯಾ ಬಂದಾಗ ಚಾಲಕ ಇಳಿಯುತ್ತಾನೆ, ಇನ್ನೊಂದು ಕಂಪನಿಯ ಚಾಲಕ ಅದೇ ಸೀಟಿನಲ್ಲಿ ಕೂರುತ್ತಾನೆ. ಒಳಗಿರುವ ಪ್ರಯಾಣಿಕ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಬೇಕಾಗಿಯೂ ಇಲ್ಲ!